ಟುನ್ ಟುನ್ ಆಗುವ ಮುನ್ನ ಉಮಾದೇವಿ

ವಿವಿಧ ಭಾರತಿಯಲ್ಲಿ ಹಳೆಯ ಹಿಂದಿ ಚಿತ್ರಗೀತೆಗಳನ್ನು ಕೇಳುವ ಅಭ್ಯಾಸವಿರುವವರಿಗೆ ‘ಅಫ್ಸಾನಾ ಲಿಖ್ ರಹೀ ಹೂಂ’ ಎಂಬ ಗೀತೆ ಅಪರಿಚಿತವೇನಲ್ಲ. ಚಿತ್ರ ‘ದರ್ದ್’, ವರ್ಷ 1947, ಸಂಗೀತ ನೌಷಾದ್, ಸಾಹಿತ್ಯ ಶಕೀಲ್ ಬದಾಯೂನಿ, ಗಾಯನ ಉಮಾದೇವಿ. ಇಷ್ಟು ಹೇಳಿ ಉದ್ಘೋಷಕರು ಹಾಡು ಹಾಕುತ್ತಾರೆ. ಮೂರು ನಿಮಿಷದ ವಿರಹಗೀತೆ. ಹರೆಯದ ಹುಡುಗಿಯೊಬ್ಬಳು ಮನೆಯ ಮೂಲೆಯಲ್ಲಿ ಕುಳಿತು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿರುವಂತಹ ದನಿ. ಹಾಡು ಮುಗಿದ ಮೇಲೆ ‘ಈ ಉಮಾದೇವಿ ಯಾರು?’ ಎಂದು ಕೇಳಿ ನೋಡಿ. ಹಾಡನ್ನು ಬಲ್ಲವರೂ ತಡವರಿಸುತ್ತಾರೆ. ‘ಟುನ್ ಟುನ್’ ಎಂದು ಹೇಳಿ ನೋಡಿ. ತಕ್ಷಣ ಗುರುತು ಹತ್ತುತ್ತದೆ. ಅದಕ್ಕಿಂತ ಮೊದಲು ಒಂದು ನಗೆ ಬರುತ್ತದೆ.

ಇಬ್ಬರೂ ಒಬ್ಬರೇ. ಹಿಂದಿ ಚಿತ್ರರಂಗದ ಮೊದಲ ಹೆಸರಾಂತ ಹಾಸ್ಯನಟಿ ಎಂದು ಗುರುತಿಸಲಾಗುವ ಟುನ್ ಟುನ್, ಅದಕ್ಕೂ ಮೊದಲು ಹಿನ್ನೆಲೆ ಗಾಯಕಿ ಉಮಾದೇವಿ ಖತ್ರಿ. ಒಂದೇ ಜೀವ ಒಂದೇ ಉದ್ದಿಮೆಯಲ್ಲಿ ಎರಡು ಬಾರಿ ಖ್ಯಾತಿ ಗಳಿಸಿತು. ಎರಡನೆಯ ಖ್ಯಾತಿ ಎಷ್ಟು ದೊಡ್ಡದಾಯಿತೆಂದರೆ, ಅದು ಮೊದಲನೆಯದನ್ನು ಪೂರ್ತಿ ನುಂಗಿಕೊಂಡಿತು.

ನನ್ನ ವಯಸ್ಸಿನ ಅನೇಕರು ಆ ಹೆಸರನ್ನು ಮೊದಲು ಕೇಳಿದ್ದು ಸಿನಿಮಾದಲ್ಲೂ ಅಲ್ಲ, ರೇಡಿಯೋದಲ್ಲೂ ಅಲ್ಲ. 2008ರಲ್ಲಿ ಆರಂಭವಾದ ‘ಛೋಟಾ ಭೀಮ್’ ಎಂಬ ಮಕ್ಕಳ ಕಾರ್ಟೂನ್ ಸರಣಿಯಲ್ಲಿ ಲಡ್ಡು ಅಂಗಡಿ ಇಟ್ಟುಕೊಂಡ ದಪ್ಪ ಮೈಯ ಹೆಂಗಸಿನ ಹೆಸರು ಟುನ್ ಟುನ್ ಮೌಸಿ. ಆ ಹೆಸರಿನ ಹಿಂದೆ ಒಬ್ಬ ನಿಜವಾದ ಹೆಂಗಸಿದ್ದರೆಂಬುದು ಕಾರ್ಟೂನ್ ನೋಡುವ ಮಗುವಿಗೆ ತಿಳಿಯುವುದಿಲ್ಲ. ಆ ಹೆಂಗಸು ಹಾಡುತ್ತಿದ್ದರೆಂಬುದು ಮಗುವಿನ ತಂದೆತಾಯಿಗೂ ತಿಳಿದಿರಲಾರದು. ಒಬ್ಬ ವ್ಯಕ್ತಿಯ ಹೆಸರು ಹೀಗೆ ಒಂದು ದೇಹದ ಆಕಾರದ ಹೆಸರಾಗಿ ಉಳಿದದ್ದು ಹೇಗೆ ಎಂಬುದೇ ಈ ಕಥೆ.

ಮನೆ ಬಿಟ್ಟು ಬಂದ ಹುಡುಗಿ

ಉಮಾದೇವಿ ಹುಟ್ಟಿದ್ದು 1923ರ ಜುಲೈ 11ರಂದು, ಇಂದಿನ ಉತ್ತರ ಪ್ರದೇಶದ ಅಮ್ರೋಹಾ ಸೀಮೆಯ ಒಂದು ಹಳ್ಳಿಯಲ್ಲಿ. ತಂದೆತಾಯಿಯ ಮುಖ ತಮಗೆ ನೆನಪೇ ಇಲ್ಲ, ಜಮೀನಿನ ಜಗಳದಲ್ಲಿ ಅವರ ಕೊಲೆಯಾಯಿತು, ಆಸರೆಯಾಗಿದ್ದ ಅಣ್ಣನೂ ಅದೇ ಹಾದಿ ಹಿಡಿದ ಎಂದು ಅವರು ಇಳಿವಯಸ್ಸಿನಲ್ಲಿ ಹೇಳಿಕೊಂಡಿದ್ದರು. ಉಳಿದದ್ದು ಬಂಧುಗಳ ಮನೆ, ಎರಡು ಹೊತ್ತಿನ ಊಟ, ಅದಕ್ಕೆ ಪ್ರತಿಯಾಗಿ ಮನೆಗೆಲಸ. ಸಂಗೀತದ ಪಾಠ ಹೇಳಿಸುವವರು ಯಾರೂ ಇರಲಿಲ್ಲ. ಕಿವಿಗೆ ಬಿದ್ದ ಹಾಡೇ ಪಾಠ, ತಿರುಗಿ ಹಾಡಿಕೊಂಡದ್ದೇ ಅಭ್ಯಾಸ.

ಇಪ್ಪತ್ತರ ಆಸುಪಾಸಿನಲ್ಲಿ ಅವರು ಒಬ್ಬರೇ ಮುಂಬಯಿಗೆ ಬಂದರು. ಆ ಕಾಲದಲ್ಲಿ ಒಂಟಿ ಹುಡುಗಿಯೊಬ್ಬಳು ಸಿನಿಮಾದಲ್ಲಿ ಹಾಡುತ್ತೇನೆಂದು ಮನೆ ಬಿಟ್ಟು ಹೊರಡುವುದೆಂದರೆ ಹಿಂದಿರುಗುವ ಬಾಗಿಲನ್ನು ಮುಚ್ಚಿಕೊಂಡಂತೆಯೇ. ಅವರು ಸಂಗೀತ ನಿರ್ದೇಶಕ ನೌಷಾದರ ಮನೆಯ ಬಾಗಿಲು ತಟ್ಟಿ, ತನಗೆ ಹಾಡಲು ಬರುತ್ತದೆ, ಅವಕಾಶ ಕೊಡದಿದ್ದರೆ ಸಮುದ್ರಕ್ಕೆ ಹಾರಿಬಿಡುತ್ತೇನೆ ಎಂದರಂತೆ. ಚಿತ್ರರಂಗದಲ್ಲಿ ಈ ಕಥೆಗೆ ಹಲವು ಬಣ್ಣಗಳಿವೆ. ಆದರೆ ಅದನ್ನು ಕೇಳಿಸಿಕೊಂಡ ಮನುಷ್ಯ ಎಂಥವರೆಂಬುದನ್ನು ಗಮನಿಸಬೇಕು. ನೌಷಾದ್ ಕೂಡ ಸಂಗೀತದ ಹುಚ್ಚಿನಲ್ಲಿ ಲಖನೌದ ಮನೆ ಬಿಟ್ಟು ಬಂದು ಮುಂಬಯಿಯ ಫುಟ್‌ಪಾತಿನಲ್ಲಿ ಮಲಗಿದ್ದವರು. 1944ರ ‘ರತನ್’ ಚಿತ್ರದ ಹಾಡುಗಳಿಂದ ಮನೆಮಾತಾಗಿದ್ದ ಅವರು ಆ ಹುಡುಗಿಯನ್ನು ಹಾಡಿಸಿ ಕೇಳಿದರು.

1946ರ ‘ವಾಮಿಕ್ ಅಜ್ರಾ’ ಚಿತ್ರದಲ್ಲಿ ಉಮಾದೇವಿಯ ದನಿ ಮೊದಲು ಕೇಳಿಸಿತು. ಬಳಿಕ ನಿರ್ಮಾಪಕ, ನಿರ್ದೇಶಕ ಎ. ಆರ್. ಕಾರ್ದಾರ್ ಅವರ ಸಂಸ್ಥೆಯೊಂದಿಗೆ ಕರಾರು ಆಯಿತು. ಪರೇಲ್‌ನಲ್ಲಿದ್ದ ಕಾರ್ದಾರ್ ಸ್ಟುಡಿಯೋದ ಚಿತ್ರಗಳಿಗೆ ಆಗ ನೌಷಾದರೇ ಸಂಗೀತ ನೀಡುತ್ತಿದ್ದರು.

ಬಾಯಿ ಒಬ್ಬರದು, ದನಿ ಇನ್ನೊಬ್ಬರದು

ಉಮಾದೇವಿ ಬಂದ ಕಾಲ ಎಂಥದೆಂಬುದನ್ನು ಅರಿಯಲು ಹಿನ್ನೆಲೆ ಗಾಯನದ ಪದ್ಧತಿ ಬೆಳೆದ ಬಗೆಯನ್ನು ಸ್ವಲ್ಪ ನೋಡಬೇಕು. 1931ರಲ್ಲಿ ‘ಆಲಂ ಆರಾ’ ಬಂದಾಗ ಹಾಡು ಬಾರದವರಿಗೆ ನಾಯಕ ನಾಯಕಿಯ ಪಾತ್ರ ಸಿಗುವುದು ಕಷ್ಟವಾಯಿತು. ನಟನೇ ಕ್ಯಾಮೆರಾದ ಮುಂದೆ ನಿಂತು ಹಾಡಬೇಕು. ವಾದ್ಯದವರು ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ ಪಕ್ಕದಲ್ಲೇ ಕುಳಿತು ನುಡಿಸಬೇಕು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆ ನಿತಿನ್ ಬೋಸ್ ನಿರ್ದೇಶನದಲ್ಲಿ ಬಂಗಾಳಿಯಲ್ಲಿ ‘ಭಾಗ್ಯಚಕ್ರ’, ಹಿಂದಿಯಲ್ಲಿ ‘ಧೂಪ್ ಛಾಂವ್’ ಚಿತ್ರಗಳನ್ನು ತೆಗೆದಾಗ ಹಾಡನ್ನು ಮೊದಲೇ ಮುದ್ರಿಸಿಕೊಂಡು, ಚಿತ್ರೀಕರಣದಲ್ಲಿ ನಟರು ತುಟಿ ಆಡಿಸುವ ಏರ್ಪಾಡು ಬಂತು. ಅಲ್ಲಿಂದ ಮುಂದೆ ದನಿಗೂ ಮುಖಕ್ಕೂ ಇದ್ದ ನಂಟು ಬಿಚ್ಚಿಕೊಂಡಿತು.

ಆದರೂ ಹಾಡುವ ತಾರೆಯರ ಕಾಲ ಒಮ್ಮೆಲೇ ಮುಗಿಯಲಿಲ್ಲ. ಸೈಗಲ್, ನೂರ್ ಜಹಾನ್, ಖುರ್ಷಿದ್, ಸುರೈಯಾ ಮೊದಲಾದವರು ತಮ್ಮ ಹಾಡನ್ನು ತಾವೇ ಹಾಡುತ್ತಿದ್ದರು. ಅವರ ಪಕ್ಕದಲ್ಲಿ ಜೋಹ್ರಾಬಾಯಿ ಅಂಬಾಲೆವಾಲಿ, ರಾಜಕುಮಾರಿ, ಶಂಶಾದ್ ಬೇಗಂ ಮುಂತಾದ ಗಾಯಕಿಯರು ಹಾಡಲಾರದ ನಟಿಯರಿಗೆ ದನಿ ಕೊಡುತ್ತಿದ್ದರು. 1940ರ ದಶಕವೆಂದರೆ ಈ ಎರಡೂ ಪದ್ಧತಿಗಳು ಒಂದೇ ಸೂರಿನಡಿ ಬದುಕಿದ್ದ ಕಾಲ.

‘ದರ್ದ್’ ಚಿತ್ರದಲ್ಲೇ ಇದಕ್ಕೆ ಸೊಗಸಾದ ಉದಾಹರಣೆ ಇದೆ. ಚಿತ್ರದಲ್ಲಿ ಇಬ್ಬರು ನಟಿಯರು: ಮುನವ್ವರ್ ಸುಲ್ತಾನಾ ಮತ್ತು ಸುರೈಯಾ. ಸುರೈಯಾ ತಮ್ಮ ಹಾಡನ್ನು ತಾವೇ ಹಾಡಿದರು. ಮುನವ್ವರ್ ಸುಲ್ತಾನಾಗೆ ಉಮಾದೇವಿ ದನಿಯಾದರು. ಇಬ್ಬರೂ ಸೇರಿ ಹಾಡುವ ಒಂದು ಯುಗಳಗೀತೆಯೂ ಇದೆ. ತೆರೆಯ ಮೇಲೆ ಇಬ್ಬರು ಚೆಲುವೆಯರು ಕಾಣುತ್ತಾರೆ; ಒಬ್ಬಳ ದನಿ ಅವಳದೇ, ಇನ್ನೊಬ್ಬಳ ದನಿ ತೆರೆಯ ಹಿಂದೆ ನಿಂತ ಅಮ್ರೋಹಾ ಸೀಮೆಯ ಹುಡುಗಿಯದು. ನೌಷಾದ್ ಮತ್ತು ಕವಿ ಶಕೀಲರ ಜೋಡಿ ಶುರುವಾದದ್ದೂ ಈ ಚಿತ್ರದಿಂದಲೇ. ಮುಂದೆ ‘ಬೈಜು ಬಾವ್ರಾ’, ‘ಮುಘಲ್-ಎ-ಆಜಂ’ವರೆಗೆ ಬೆಳೆದ ಆ ಜೋಡಿಯ ಮೊದಲ ದೊಡ್ಡ ಜಯಕ್ಕೆ ಉಮಾದೇವಿಯ ಕಂಠ ಒಂದು ಕಾರಣ.

‘ಅಫ್ಸಾನಾ’ ಹಾಡನ್ನು ಇಂದು ಕೇಳಿದರೂ ಅದರ ಗುಣ ತಿಳಿಯುತ್ತದೆ. ಶಾಸ್ತ್ರೀಯ ಕಸರತ್ತು ಇಲ್ಲ, ದೊಡ್ಡ ತಾನಗಳಿಲ್ಲ. ಮೂಗಿನಲ್ಲಿ ತುಸು ನಾದ ಉಳಿಸಿಕೊಂಡು, ಮಾತಿಗೆ ಹತ್ತಿರವಾಗಿ, ಪ್ರತಿ ಶಬ್ದವನ್ನೂ ಬಿಡಿಸಿ ಇಡುವ ಹಾಡುಗಾರಿಕೆ. ಆಗಿನ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಗಾಯಕಿ ಮತ್ತು ವಾದ್ಯವೃಂದ ಒಟ್ಟಿಗೇ ಹಾಡಿ ಮುಗಿಸಬೇಕು. ನಡುವೆ ಯಾರಾದರೂ ತಪ್ಪಿದರೆ ಮತ್ತೆ ಮೊದಲಿನಿಂದ. ತರಬೇತಿಯಿಲ್ಲದ ಹುಡುಗಿಗೆ ಇದು ಸಣ್ಣ ಪರೀಕ್ಷೆಯಲ್ಲ.

ಮದರಾಸಿನ ಕರೆ

‘ದರ್ದ್’ ಹಾಡುಗಳು ಗೆದ್ದ ಮೇಲೆ 1948ರಲ್ಲಿ ಮೆಹಬೂಬ್ ಖಾನರ ‘ಅನೋಖಿ ಅದಾ’ ಚಿತ್ರದಲ್ಲಿ ಉಮಾದೇವಿ ಹಾಡಿದರು. ಅದೇ ವರ್ಷ ದಕ್ಷಿಣದಿಂದ ಕರೆ ಬಂತು. ಮದರಾಸಿನ ಜೆಮಿನಿ ಸ್ಟುಡಿಯೋದ ಎಸ್. ಎಸ್. ವಾಸನ್ ಹಲವು ವರ್ಷ ಹೆಣಗಿ, ಆ ಕಾಲಕ್ಕೆ ಊಹಿಸಲೂ ಆಗದಂತಹ ಸುಮಾರು 30 ಲಕ್ಷ ರೂಪಾಯಿ ಸುರಿದು ‘ಚಂದ್ರಲೇಖಾ’ ಸಿದ್ಧಪಡಿಸಿದ್ದರು. ಮೊದಲು ತಮಿಳಿನಲ್ಲಿ, ನಂತರ ಹಿಂದಿಯಲ್ಲಿ ಬಂದ ಈ ಚಿತ್ರದ ಭಾರಿ ನಗಾರಿಗಳ ಮೇಲಿನ ನೃತ್ಯ ನಮ್ಮ ಹಿರಿಯ ಪ್ರೇಕ್ಷಕರಿಗೂ ನೆನಪಿರಬಹುದು. ಹಿಂದಿ ಆವೃತ್ತಿಯಲ್ಲಿ ಉಮಾದೇವಿ ಹಾಡಿದ್ದು ಏಳು ಹಾಡು. ದಕ್ಷಿಣದ ಚಿತ್ರವೊಂದು ಇಡೀ ಉತ್ತರ ಭಾರತವನ್ನು ಗೆದ್ದ ಮೊದಲ ದೊಡ್ಡ ಪ್ರಸಂಗದಲ್ಲಿ ಅವರ ಪಾಲಿತ್ತು.

ಹೊರಗಿನಿಂದ ನೋಡಿದರೆ ಮುಂದಿನ ಹಾದಿ ಸಲೀಸಾಗಿ ಕಾಣುತ್ತಿತ್ತು. ಸೈಗಲ್ 1947ರ ಜನವರಿಯಲ್ಲಿ ತೀರಿಕೊಂಡಿದ್ದರು. ದೇಶ ವಿಭಜನೆಯಾಗಿ ನೂರ್ ಜಹಾನ್, ಖುರ್ಷಿದ್ ಪಾಕಿಸ್ತಾನಕ್ಕೆ ಹೊರಟುಹೋದರು. ಹಾಡುವ ತಾರೆಯರ ಸಾಲು ತೆಳುವಾಗಿ, ಹಿನ್ನೆಲೆ ಗಾಯಕಿಯರಿಗೆ ಬೇಡಿಕೆ ಏರಿತು. 25ರ ಹರೆಯದ ಉಮಾದೇವಿ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿದ್ದರು.

ಆದರೆ ಆ ಖಾಲಿ ಜಾಗಕ್ಕೆ ಬಂದು ಕುಳಿತವರು ಬೇರೆ.

1949 ಎಂಬ ವರ್ಷ

ಹಿಂದಿ ಚಿತ್ರಸಂಗೀತದ ಚರಿತ್ರೆಯನ್ನು ಎರಡು ಹೋಳು ಮಾಡುವುದಾದರೆ ಗೆರೆ ಎಳೆಯಬೇಕಾದ್ದು 1949ರಲ್ಲಿ. ‘ಮಹಲ್’, ‘ಬರ್ಸಾತ್’, ‘ಅಂದಾಜ್’ ಮೂರೂ ಆ ವರ್ಷದವು. ಮೂರರಲ್ಲೂ ಕೇಳಿದ ಹೊಸ ದನಿ ಲತಾ ಮಂಗೇಶ್ಕರ್ ಅವರದು. ಕೆಲವೇ ದಿನಗಳ ಹಿಂದೆ ಒಬ್ಬ ನಿರ್ಮಾಪಕರು ಲತಾ ಅವರ ದನಿಯನ್ನು ತೀರಾ ತೆಳು ಎಂದು ಬೇಡವೆಂದಿದ್ದರು. ಅದೇ ತೆಳು ದನಿ ಈಗ ನಾಯಕಿಯ ದನಿಯ ಮಾದರಿಯಾಯಿತು. ಮೂರು ಸಪ್ತಕದಲ್ಲೂ ಸಲೀಸಾಗಿ ಓಡಾಡುವ ಆ ಕಂಠ ಸಂಗೀತ ನಿರ್ದೇಶಕರಿಗೆ ಹೊಸ ಬಗೆಯ ರಾಗಸಂಯೋಜನೆ ಮಾಡುವ ಸ್ವಾತಂತ್ರ್ಯ ಕೊಟ್ಟಿತು.

ಇದನ್ನು ಒಬ್ಬ ಗಾಯಕಿ ಇನ್ನೊಬ್ಬಳನ್ನು ಸೋಲಿಸಿದ ಕಥೆಯಾಗಿ ಹೇಳುವುದು ಸರಿಯಲ್ಲ. ಬದಲಾದದ್ದು ಕೇಳುವವರ ಕಿವಿ. ಜೋಹ್ರಾಬಾಯಿ, ರಾಜಕುಮಾರಿ ಮೊದಲಾದ ಒಂದು ತಲೆಮಾರಿನ ಗಾಯಕಿಯರೆಲ್ಲ ಕೆಲವೇ ವರ್ಷಗಳಲ್ಲಿ ಹಿನ್ನೆಲೆಗೆ ಸರಿದರು. ಉಮಾದೇವಿಯ ಹಾಡುಗಾರಿಕೆ ಆ ಹಳೆಯ ಬಗೆಯದು, ದನಿಯ ಹರವು ಚಿಕ್ಕದು, ತರಬೇತಿಯ ಬಲವೂ ಇಲ್ಲ. ಜೊತೆಗೆ ಒಂದೇ ಸಂಸ್ಥೆಗೆ ಕಟ್ಟಿಹಾಕುವ ಕರಾರಿನ ಪದ್ಧತಿಯಿಂದ ಹೊರಗಿನ ಕೆಲಸಕ್ಕೂ ತೊಡಕು. ‘ಅಂದಾಜ್’ ಚಿತ್ರದ ಸಂಗೀತ ನಿರ್ದೇಶಕರೂ ನೌಷಾದರೇ ಎಂಬುದನ್ನು ಇಲ್ಲಿ ನೆನೆಯಬೇಕು. ಬಾಗಿಲು ತೆರೆದ ಗುರುವೇ ಹೊಸ ದನಿಯತ್ತ ಹೊರಳಿದ್ದರು. ಮದುವೆಯಾಗಿ ಸಂಸಾರ ಶುರುವಾಗಿದ್ದ ಉಮಾದೇವಿಗೆ ಹಾಡುಗಳು ಕಡಿಮೆಯಾಗುತ್ತ ಬಂದು ನಿಂತೇಹೋದವು.

‘ಬಾಬುಲ್’ ಚಿತ್ರದ ಸೆಟ್ಟಿನಲ್ಲಿ

ಆಗ ಎರಡನೆಯ ದಾರಿ ತೋರಿಸಿದವರೂ ನೌಷಾದರೇ. ಉಮಾದೇವಿಯ ಮಾತಿನ ಚುರುಕು, ಎದುರಿಗಿದ್ದವರನ್ನು ನಗಿಸುವ ಸ್ವಭಾವ ಅವರಿಗೆ ಗೊತ್ತಿತ್ತು. ನಟಿಸಿ ನೋಡು ಎಂದರು. ನಟಿಸಿದರೆ ದಿಲೀಪ್ ಕುಮಾರ್ ಜೊತೆಗೇ ಎಂದು ಉಮಾದೇವಿ ಹಟ ಹಿಡಿದರಂತೆ. ದಿಲೀಪ್ ಕುಮಾರ್ ನೌಷಾದರ ಗೆಳೆಯರು. ಹೀಗೆ 1950ರಲ್ಲಿ ಎಸ್. ಯು. ಸನ್ನಿ ನಿರ್ದೇಶಿಸಿದ ‘ಬಾಬುಲ್’ ಚಿತ್ರದಲ್ಲಿ ಉಮಾದೇವಿ ಮೊದಲ ಬಾರಿಗೆ ಕ್ಯಾಮೆರಾದ ಮುಂದೆ ಬಂದರು.

ಈ ಚಿತ್ರದ ತಾರಾಗಣವನ್ನು ಒಮ್ಮೆ ಓದಿ ನೋಡಬೇಕು. ನಾಯಕ ದಿಲೀಪ್ ಕುಮಾರ್. ನಾಯಕಿಯರು ಇಬ್ಬರು: ನರ್ಗಿಸ್ ಮತ್ತು ಮುನವ್ವರ್ ಸುಲ್ತಾನಾ. ಹೌದು, ಮೂರು ವರ್ಷದ ಹಿಂದೆ ‘ದರ್ದ್’ ಚಿತ್ರದಲ್ಲಿ ಉಮಾದೇವಿಯ ದನಿಗೆ ತುಟಿ ಆಡಿಸಿದ್ದ ಅದೇ ಮುನವ್ವರ್ ಸುಲ್ತಾನಾ. ಸಂಗೀತ ಅದೇ ನೌಷಾದ್, ಗೀತೆಗಳು ಅದೇ ಶಕೀಲ್. ಬದಲಾಗಿದ್ದುದು ಒಂದೇ. ಹೆಣ್ಣುದನಿಗಳು ಈಗ ಶಂಶಾದ್ ಬೇಗಂ ಮತ್ತು ಲತಾ ಅವರವು. ಉಮಾದೇವಿ ಅದೇ ಚಿತ್ರದಲ್ಲಿದ್ದಾರೆ, ಆದರೆ ಹಾಡುವುದಕ್ಕಲ್ಲ, ನಗಿಸುವುದಕ್ಕೆ.

ಶಂಶಾದ್ ಬೇಗಂ ಅವರದು ಇದಕ್ಕೆ ತದ್ವಿರುದ್ಧವಾದ ಕಥೆ. ಹಾಡಬಹುದು, ಆದರೆ ಫೋಟೋ ತೆಗೆಸಿಕೊಳ್ಳಬಾರದು ಎಂದು ಮನೆಯವರು ಹಾಕಿದ ಷರತ್ತಿಗೆ ಒಪ್ಪಿ, ದಶಕಗಳ ಕಾಲ ಅವರು ಜನರಿಗೆ ಮುಖವನ್ನೇ ತೋರಿಸಲಿಲ್ಲ. ‘ಬಾಬುಲ್’ ಚಿತ್ರದಲ್ಲಿ ಒಬ್ಬ ಗಾಯಕಿ ಬರೀ ದನಿಯಾಗಿದ್ದರೆ, ಇನ್ನೊಬ್ಬ ಗಾಯಕಿ ಬರೀ ಮೈಯಾಗಿ ಕಾಣಿಸಿಕೊಂಡರು. ದನಿ ಮತ್ತು ಮುಖವನ್ನು ಬೇರ್ಪಡಿಸಿದ ಹಿನ್ನೆಲೆ ಗಾಯನದ ಪದ್ಧತಿ ಹೆಣ್ಣುಮಕ್ಕಳ ಬಾಳಿನಲ್ಲಿ ಏನೇನು ಮಾಡಬಲ್ಲದೆಂಬುದಕ್ಕೆ ಇಷ್ಟು ಸಾಕು.

‘ಟುನ್ ಟುನ್’ ಎಂಬ ಹೆಸರು ಬಂದದ್ದು ಇದೇ ಚಿತ್ರದಲ್ಲಿ. ದೃಶ್ಯವೊಂದರಲ್ಲಿ ಓಡಿಬಂದು ದಿಲೀಪ್ ಕುಮಾರ್ ಮೇಲೆ ಬಿದ್ದ ಉಮಾದೇವಿಯನ್ನು ಕಂಡು ಅವರು ತಮಾಷೆಗೆ ಹಾಗೆ ಕರೆದರೆಂದೂ, ಅದೇ ಅಂಟಿಕೊಂಡಿತೆಂದೂ ಹೇಳುತ್ತಾರೆ. ಆ ಕಾಲದ ಚಿತ್ರರಂಗದಲ್ಲಿ ಹೊಸ ಹೆಸರು ಕೊಡುವುದು ಮಾಮೂಲು. ಸ್ವತಃ ದಿಲೀಪ್ ಕುಮಾರ್ ಯೂಸುಫ್ ಖಾನ್ ಆಗಿದ್ದವರು. ಬಾಂಬೆ ಟಾಕೀಸಿನ ದೇವಿಕಾರಾಣಿ ಅವರಿಗೆ ಆ ಹೆಸರು ಕೊಟ್ಟರು. ಮುಮ್ತಾಜ್ ಎಂಬ ಬಾಲಕಿ ಮಧುಬಾಲಾ ಆದದ್ದೂ ಹೀಗೆಯೇ. ಆದರೆ ನಾಯಕ ನಾಯಕಿಯರಿಗೆ ಕೊಟ್ಟದ್ದು ಗೌರವದ ಹೆಸರು, ಮನೆಯಲ್ಲಿ ಮಕ್ಕಳಿಗೆ ಇಡಬಹುದಾದ ಹೆಸರು. ಉಮಾದೇವಿಗೆ ಸಿಕ್ಕಿದ್ದು ಒಂದು ಸದ್ದು. ಕೇಳಿದೊಡನೆ ನಗು ಬರಬೇಕು, ಮೈ ಕಣ್ಣಿಗೆ ಕಟ್ಟಬೇಕು. ಅಷ್ಟೇ ಅದರ ಕೆಲಸ. ಅದನ್ನು ಅದು ಚೆನ್ನಾಗಿಯೇ ಮಾಡಿತು.

ಐದು ನಿಮಿಷದ ಪಾತ್ರಗಳು

ಮುಂದಿನ ನಾಲ್ಕು ದಶಕಗಳಲ್ಲಿ ಟುನ್ ಟುನ್ ಸುಮಾರು 200 ಚಿತ್ರಗಳಲ್ಲಿ ನಟಿಸಿದರು. ಇಷ್ಟೊಂದು ಚಿತ್ರ ಹೇಗೆ ಸಾಧ್ಯವಾಯಿತು ಎಂದರೆ, ಹಿಂದಿ ಚಿತ್ರಗಳಲ್ಲಿ ಹಾಸ್ಯಕ್ಕೆ ಇದ್ದ ಸ್ಥಾನವೇ ಬೇರೆ. ಮುಖ್ಯ ಕಥೆ ಒಂದು ಕಡೆ, ಹಾಸ್ಯದ ಎಳೆ ಇನ್ನೊಂದು ಕಡೆ. ಕಣ್ಣೀರಿನ ಎರಡು ದೃಶ್ಯಗಳ ನಡುವೆ ಪ್ರೇಕ್ಷಕನಿಗೆ ಉಸಿರು ಬಿಡಲು ಐದು ನಿಮಿಷದ ನಗೆ. ಇಂಥ ಪಾತ್ರಕ್ಕೆ ಕೆಲವೇ ದಿನಗಳ ಚಿತ್ರೀಕರಣ ಸಾಕು. ಆದ್ದರಿಂದ ಒಬ್ಬ ಹಾಸ್ಯನಟಿ ಒಂದೇ ವರ್ಷದಲ್ಲಿ ಹಲವು ಚಿತ್ರಗಳಿಗೆ ಒದಗುವುದು ಸಾಧ್ಯವಿತ್ತು. ಪಾತ್ರ ಚಿಕ್ಕದಾದ್ದರಿಂದ ಅದನ್ನು ಬೆಳೆಸಲು ಸಮಯವಿಲ್ಲ. ನಟಿ ತೆರೆಗೆ ಬಂದ ಕ್ಷಣದಲ್ಲೇ ಜನ ನಗಬೇಕು. ಹೀಗಾಗಿ ಆಕಾರವೇ ಪಾತ್ರವಾಯಿತು. ಟುನ್ ಟುನ್ ಯಾರೆಂದು ಕಥೆಯಲ್ಲಿ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಟುನ್ ಟುನ್ ಎಂದರೆ ಟುನ್ ಟುನ್.

ಇಂಥ ಐದು ನಿಮಿಷಗಳಿಗೆ ಬೆಲೆ ಕೊಟ್ಟವರಲ್ಲಿ ಮುಖ್ಯರು ಗುರುದತ್. 1925ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ, ಪಡುಕೋಣೆ ಮನೆತನದ ಗುರುದತ್ ತಮ್ಮ ‘ಆರ್ ಪಾರ್’ (1954), ‘ಮಿಸ್ಟರ್ ಅಂಡ್ ಮಿಸೆಸ್ 55’ (1955), ‘ಪ್ಯಾಸಾ’ (1957) ಮೂರೂ ಚಿತ್ರಗಳಲ್ಲಿ ಅವರಿಗೆ ಪಾತ್ರ ಕೊಟ್ಟರು. ‘ಪ್ಯಾಸಾ’ದಂತಹ ಗಂಭೀರ ಚಿತ್ರದಲ್ಲಿ ಅವರು ನಾಯಕ ವಿಜಯನ ಹಳೆಯ ಕಾಲೇಜು ಸಹಪಾಠಿ. ಕೆಲಸವಿಲ್ಲದೆ, ಮನೆಯವರಿಗೂ ಬೇಡವಾಗಿ ಬೀದಿ ಅಲೆಯುವ ಕವಿಯನ್ನು ಸಂತೋಷದಿಂದ, ಹೆಸರು ಹಿಡಿದು ಮಾತನಾಡಿಸುವ ಕೆಲವೇ ಜನರಲ್ಲಿ ಅವಳೊಬ್ಬಳು. ನಗೆಯ ದೃಶ್ಯವೇನೋ ಹೌದು. ಆದರೆ ಆ ಆತ್ಮೀಯತೆಯಿಂದ ನಾಯಕನ ಒಂಟಿತನ ಇನ್ನಷ್ಟು ಎದ್ದು ಕಾಣುತ್ತದೆ.

ಗುರುದತ್ ಬೆಳೆಸಿದ ಇನ್ನೊಬ್ಬ ಹಾಸ್ಯನಟ ಜಾನಿ ವಾಕರ್. ಮುಂಬಯಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದ ಬದ್ರುದ್ದೀನ್ ಕಾಜಿ ಅವರಿಗೆ ವಿಸ್ಕಿಯ ಹೆಸರಿಟ್ಟವರೂ ಗುರುದತ್ತರೇ. ಇಲ್ಲಿ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಜಾನಿ ವಾಕರ್‌ಗೆ ಚಿತ್ರದಲ್ಲಿ ಒಂದು ಹಾಡು ಇರಲೇಬೇಕೆಂಬುದು ವಾಡಿಕೆಯಾಯಿತು. ಮೊಹಮ್ಮದ್ ರಫಿ ದನಿಯನ್ನು ಹಿಗ್ಗಿಸಿ ಕುಗ್ಗಿಸಿ ಅವರಿಗಾಗಿ ಹಾಡಿದರು. ಜಾನಿ ವಾಕರ್‌ಗೆ ಪ್ರೇಯಸಿಯೂ ಇರುತ್ತಿದ್ದಳು. ಹಾಸ್ಯನಟಿಗೆ ಅಂಥ ವಾಡಿಕೆ ಬೆಳೆಯಲಿಲ್ಲ. ಹಾಡಲು ಬಾರದ ಹಾಸ್ಯನಟನಿಗೆ ಹಾಡು ಸಿಕ್ಕಿತು. ಹಾಡಿಕೊಂಡೇ ಬಂದವಳಿಗೆ ಚಿತ್ರದ ಹಾಡುಗಳಲ್ಲಿ ಅಂಥ ಜಾಗವಿರಲಿಲ್ಲ.

ನಗೆಯ ಹಿಂದಿನ ಕಸುಬು

ಟುನ್ ಟುನ್ ಅವರ ಹಾಸ್ಯ ಬಹುಮಟ್ಟಿಗೆ ಒಂದೇ ಅಚ್ಚಿನದು ಎಂಬುದನ್ನು ಒಪ್ಪಬೇಕು. ಬಾಗಿಲಲ್ಲಿ ಸಿಕ್ಕಿಕೊಳ್ಳುವುದು, ಯಾರ ಮೇಲೋ ಬೀಳುವುದು, ನಾಯಕ ತನ್ನನ್ನೇ ಮೆಚ್ಚಿದ್ದಾನೆಂದು ತಪ್ಪು ತಿಳಿದು ನಾಚುವುದು, ಕಡ್ಡಿಯಂತಹ ಗಂಡನನ್ನು ಗದರುವುದು. ದಪ್ಪಗಿರುವ ಹೆಣ್ಣು ಪ್ರೀತಿ ಬಯಸುವುದೇ ಒಂದು ನಗೆಪಾಟಲು ಎಂಬ ನಂಬಿಕೆಯ ಮೇಲೆ ಈ ಹಾಸ್ಯ ನಿಂತಿತ್ತು. ಇಂದು ನೋಡಿದಾಗ ಇವುಗಳಲ್ಲಿ ಕೆಲವಕ್ಕೆ ನಗು ಬರುವುದಿಲ್ಲ, ಕಸಿವಿಸಿಯಾಗುತ್ತದೆ.

ಆದರೆ ಬರೀ ಆಕಾರದಿಂದ ಯಾರೂ ನಾಲ್ಕು ದಶಕ ನಗಿಸಲಾರರು. ಅವರ ದೃಶ್ಯಗಳನ್ನು ಕಣ್ಣು ಮುಚ್ಚಿ ಕೇಳಿದರೆ ಬೇರೊಂದು ವಿಷಯ ಹೊಳೆಯುತ್ತದೆ. ಮಾತಿನ ಓಟ, ಎಲ್ಲಿ ತಡೆಯಬೇಕು, ಎಲ್ಲಿ ಒಂದು ಅಕ್ಷರ ಎಳೆಯಬೇಕು, ಗದರಿಕೆಯಿಂದ ನಯಕ್ಕೆ ದನಿ ಯಾವಾಗ ಇಳಿಯಬೇಕು ಎಂಬ ಲೆಕ್ಕ. ಇದೆಲ್ಲ ಲಯ ಬಲ್ಲವರ ಕೆಲಸ. ವಾದ್ಯವೃಂದದ ಜೊತೆ ನಿಂತು ಒಂದೇ ಉಸಿರಿಗೆ ಮೂರು ನಿಮಿಷದ ಹಾಡು ಮುಗಿಸುತ್ತಿದ್ದ ಗಾಯಕಿಯ ಕಿವಿ ಇಲ್ಲಿ ಬೇರೆ ಕೆಲಸಕ್ಕೆ ಒದಗಿದೆ. ಉದ್ದಿಮೆ ಉಮಾದೇವಿಯ ಹಾಡನ್ನು ಬಿಟ್ಟಿತು. ಉಮಾದೇವಿ ಹಾಡಿನಿಂದ ಕಲಿತದ್ದನ್ನು ಬಿಡಲಿಲ್ಲ.

ಇನ್ನೂ ಒಂದು ಮಾತು. ಅದುವರೆಗೆ ಹಿಂದಿ ಚಿತ್ರಗಳಲ್ಲಿ ನಗಿಸುವುದು ಹೆಚ್ಚಾಗಿ ಗಂಡಸರ ಕಸುಬು. ಹೆಣ್ಣೊಬ್ಬಳು ಹಾಸ್ಯವನ್ನೇ ವೃತ್ತಿ ಮಾಡಿಕೊಂಡು, ಆ ಹೆಸರಿನಿಂದಲೇ ಜಾಹೀರಾತಿನಲ್ಲಿ ಜಾಗ ಪಡೆಯಬಹುದೆಂದು ತೋರಿಸಿದವರು ಟುನ್ ಟುನ್. ಸೈಕಲ್ ಸ್ಪರ್ಧೆಯಲ್ಲಿ ಹೆಸರು ಮಾಡಿ ಬಂದು, ಮೆಹಮೂದ್ ಜೊತೆಗೂಡಿ ನಗಿಸಿದ ಶುಭಾ ಖೋಟೆ, ‘ಸೀತಾ ಔರ್ ಗೀತಾ’ (1972) ಚಿತ್ರದ ಕೆಟ್ಟ ಚಿಕ್ಕಮ್ಮನಾಗಿ ನೆನಪಿರುವ ಮನೋರಮಾ ಮೊದಲಾದವರು ಬೆಳೆದದ್ದು ಹೆಣ್ಣಿನ ಹಾಸ್ಯಕ್ಕೆ ಹೀಗೊಂದು ಜಾಗ ಸಿಕ್ಕ ಕಾಲದಲ್ಲೇ.

ಇಳಿಗಾಲ

1970ರ ದಶಕದಲ್ಲಿ ಈ ಪದ್ಧತಿಯೇ ಅಲುಗಾಡಿತು. ಹೊಡೆದಾಟದ ನಾಯಕನೇ ಹಾಸ್ಯವನ್ನೂ ಮಾಡತೊಡಗಿದ. ‘ಅಮರ್ ಅಕ್ಬರ್ ಅಂಥೋನಿ’ (1977) ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಕನ್ನಡಿಯ ಮುಂದೆ ನಿಂತು ಮಾಡಿದ ಹಾಸ್ಯ ನೋಡಿದ ಮೇಲೆ ನಿರ್ಮಾಪಕರಿಗೆ ಪ್ರತ್ಯೇಕ ಹಾಸ್ಯನಟರ ಅಗತ್ಯ ಕಡಿಮೆಯಾಯಿತು. ಟುನ್ ಟುನ್ ಅವರ ಪಾತ್ರಗಳು ಐದು ನಿಮಿಷದಿಂದ ಎರಡು ನಿಮಿಷಕ್ಕೆ ಇಳಿದವು. ಪ್ರಕಾಶ್ ಮೆಹ್ರಾ ನಿರ್ದೇಶನದ ‘ನಮಕ್ ಹಲಾಲ್’ (1982) ಚಿತ್ರದಲ್ಲಿ ಅಮಿತಾಭ್ ಜೊತೆಗೂ ಕಾಣಿಸಿಕೊಂಡರು. 1990ರ ‘ಕಸಮ್ ಧಂಧೇ ಕೀ’ ಅವರ ಕೊನೆಯ ಚಿತ್ರ.

2003ರ ನವೆಂಬರ್ ತಿಂಗಳಲ್ಲಿ ಮುಂಬಯಿಯ ಅಂಧೇರಿಯಲ್ಲಿ, ತಮ್ಮ 80ನೆಯ ವಯಸ್ಸಿನಲ್ಲಿ ಉಮಾದೇವಿ ತೀರಿಕೊಂಡರು. ಅದೇ ವರ್ಷದ ಜುಲೈನಲ್ಲಿ ಜಾನಿ ವಾಕರ್ ಹೋಗಿದ್ದರು. 1950ರ ದಶಕದ ಹಿಂದಿ ಚಿತ್ರಗಳ ಎರಡು ನಗೆಗಳು ನಾಲ್ಕೇ ತಿಂಗಳ ಅಂತರದಲ್ಲಿ ನಿಂತುಹೋದವು. ನೌಷಾದ್ 2006ರಲ್ಲಿ, ಶಂಶಾದ್ ಬೇಗಂ 2013ರಲ್ಲಿ, ದಿಲೀಪ್ ಕುಮಾರ್ 2021ರಲ್ಲಿ, ಲತಾ ಮಂಗೇಶ್ಕರ್ 2022ರಲ್ಲಿ ಕಾಲವಾದರು. ‘ಬಾಬುಲ್’ ಚಿತ್ರದ ಆ ಸೆಟ್ಟಿಗೂ ಆ ಹಾಡುಗಳಿಗೂ ಸೇರಿದ ದೊಡ್ಡ ಹೆಸರುಗಳು ಹೀಗೆ ಒಂದೊಂದಾಗಿ ಕಣ್ಮರೆಯಾದವು.

ಹೆಸರು ಮಾತ್ರ ಉಳಿಯಿತು. ಉತ್ತರ ಭಾರತದ ಶಾಲೆಗಳಲ್ಲಿ, ಓಣಿಗಳಲ್ಲಿ ದಪ್ಪಗಿರುವ ಹುಡುಗಿಯನ್ನು ‘ಟುನ್ ಟುನ್’ ಎಂದು ಕರೆದು ಅಳಿಸುವುದು ಹಲವು ತಲೆಮಾರುಗಳಿಂದ ನಡೆದು ಬಂದಿದೆ. ಜನರನ್ನು ನಗಿಸಲೆಂದು ಒಬ್ಬ ಹೆಂಗಸು ಹೊತ್ತುಕೊಂಡ ಹೆಸರು ಬೇರೆ ಹೆಣ್ಣುಮಕ್ಕಳ ಮೇಲೆ ಎಸೆಯುವ ಕಲ್ಲಾಯಿತು. ಇದರಲ್ಲಿ ಆಕೆಯ ತಪ್ಪೇನೂ ಇಲ್ಲ. ಮನೆಯಿಲ್ಲ, ಗುರುವಿಲ್ಲ, ತಂದೆತಾಯಿಯಿಲ್ಲದೆ ಬಂದವರು ಅವರು. ಒಂದು ಕಸುಬು ಕೈಬಿಟ್ಟಾಗ ಎದೆಗುಂದದೆ ಇನ್ನೊಂದನ್ನು ಕೈಗೆತ್ತಿಕೊಂಡರು, ನಾಲ್ಕು ಮಕ್ಕಳನ್ನು ಸಾಕಿದರು, ಯಾರ ಮುಂದೆಯೂ ಕೈಯೊಡ್ಡದೆ ದುಡಿದು ಬಾಳಿದರು. ಲೋಕ ನಗುವುದಾದರೆ ನಗಲಿ, ಆ ನಗೆಗೆ ಕೂಲಿ ಸಿಗಲಿ ಎಂಬ ಗಟ್ಟಿತನ ಅವರದು. ನೆನಪಿಟ್ಟುಕೊಳ್ಳುವಾಗ ತಪ್ಪಿದವರು ನಾವು.

ಮುಂದಿನ ಸಲ ರೇಡಿಯೋದಲ್ಲಿ ‘ದರ್ದ್’ ಚಿತ್ರದ ಆ ಹಾಡು ಬಂದಾಗ ಉದ್ಘೋಷಕರು ಹೇಳುವ ಹೆಸರನ್ನು ಸ್ವಲ್ಪ ಗಮನವಿಟ್ಟು ಕೇಳೋಣ. ಹಾಡುಗಾರ್ತಿಗೆ ಆಗ ಇಪ್ಪತ್ತನಾಲ್ಕು ವರ್ಷದ ಆಸುಪಾಸು. ಇನ್ನೂ ಯಾರೂ ಅವರಿಗೆ ಅಡ್ಡಹೆಸರು ಇಟ್ಟಿಲ್ಲ. ತಟ್ಟೆ ತಿರುಗುವ ಆ ಮೂರು ನಿಮಿಷ ಅವರು ಉಮಾದೇವಿಯೇ.